ವಯಸ್ಸಿನ ಸಾಲನ್ನು ಖಾಲಿ ಬಿಡುವವರು

ಬೆಳಗಿನ ಐದೂವರೆ. ವಾದು ರೋಶು ಎಂಬ ಹಳ್ಳಿಯ ಹೊಳೆದಂಡೆಗೆ ಬಿಸಿಲು ಇನ್ನೂ ನೇರವಾಗಿ ಬಿದ್ದಿಲ್ಲ. ಪೂರ್ವದ ಬೆಟ್ಟದ ಭುಜವನ್ನು ಸವರಿಕೊಂಡು ಓರೆಯಾಗಿ ಬರುತ್ತಿದೆ. ನಿಸ್ತೋರ್ ಚೋರ್ತ್ಯ ಅವರಿಗೆ ಬೇಕಾದದ್ದು ಇದೇ ಬೆಳಕು. ನಾಲ್ಕು ಮಡಿಕೆ ಮಾಡಿದ ಗೋಣಿಯ ಮೇಲೆ ಮೊಣಕಾಲೂರಿ, ಕೆನ್ನೆ ಮಣ್ಣಿಗೆ ತಾಗುವಷ್ಟು ಬಾಗಿ, ಒಂದು ಕಣ್ಣು ಮುಚ್ಚಿ, ಕೆಂಪು ದಂಡೆಯ ಗೋಡೆಯನ್ನು ನೋಡುತ್ತಿದ್ದಾರೆ. ಕಲ್ಲಾದ ಮೊಟ್ಟೆಚಿಪ್ಪಿನ ಮೈಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳಿರುತ್ತವೆ. ಓರೆ ಬೆಳಕಿನಲ್ಲಿ ಒಂದೊಂದು ಗುಳ್ಳೆಗೂ ಒಂದೊಂದು ನೆರಳು. ಒಂಬತ್ತು ಗಂಟೆಯಾದರೆ ನೆರಳು ಅಡಗುತ್ತದೆ. ಆಮೇಲೆ ಚಿಪ್ಪು ಯಾವುದು, ಬರೀ ಕಲ್ಲು ಯಾವುದು ಎಂದು ಬೇರ್ಪಡಿಸಲು ಯಾವ ಕಣ್ಣಿಗೂ ಆಗದು.

ಮುರಿದ ಕೊಡೆಯ ಕಡ್ಡಿಯನ್ನು ಮಸೆದು ಮಾಡಿಕೊಂಡ ಸೂಜಿ, ಕುದುರೆ ಬಾಲದ ಕುಂಚ, ಮೂರು ಜರಡಿ. ಇವರ ಆಯುಧಗಳು ಇಷ್ಟೇ. ಮೂರರಲ್ಲಿ ಅತಿ ಸಣ್ಣ ಕಣ್ಣಿನ ಜರಡಿ ಒಂದು ಕಾಲಕ್ಕೆ ಹೆಂಡತಿ ಫಿರೂತ್ಸ ಅವರ ಅಡುಗೆಮನೆಯದು. "ಎರಡು ದಿನಕ್ಕೆ ಅಂತ ತಂದಿದ್ದೆ. ನಲವತ್ತು ವರ್ಷ ಆಯ್ತು. ಇವತ್ತಿಗೂ ಹಿಟ್ಟು ಕಲಸುವಾಗ ಒಂದ್ಸಲ ಕೇಳ್ತಾಳೆ, 'ನಿಮ್ಮ ಹಲ್ಲಿಗಳಿಗೆ ಊಟ ಆಯ್ತಾ?' ಅಂತ," ಎನ್ನುತ್ತಾರೆ, ತಲೆ ಎತ್ತದೆ.

ಹಲ್ಲಿ ಎಂದರೆ ಡೈನೋಸಾರ್. ಹಾತ್ಸೆಗ್ ಕಣಿವೆಯ ಈ ಹಳ್ಳಿಯಲ್ಲಿ ಆ ದೊಡ್ಡ ಹೆಸರನ್ನು ಯಾರೂ ಬಳಸುವುದಿಲ್ಲ. ಎಪ್ಪತ್ತೆರಡು ವರ್ಷದ ನಿಸ್ತೋರ್ ನಲವತ್ತಾರು ವರ್ಷಗಳಿಂದ ವಿಶ್ವವಿದ್ಯಾಲಯದ ಭೂವಿಜ್ಞಾನಿಗಳಿಗಾಗಿ ಈ ದಂಡೆಯನ್ನು ಕೆದಕುತ್ತಿದ್ದಾರೆ. ದಿನಕ್ಕೆ ಎಂಟು ಬಕೆಟ್ ಮಣ್ಣು. ಒಂದೊಂದು ಬಕೆಟ್ಟನ್ನೂ ಹೊಳೆಯ ನೀರಿನಲ್ಲಿ ಮೂರು ಜರಡಿಗೆ ಹಾಕಿ ತೊಳೆಯುವುದು. ಎಂಟು ಬಕೆಟ್ಟಿಗೆ ಒಂದು ಬೆಂಕಿಪೊಟ್ಟಣ ತುಂಬಿದರೆ ಒಳ್ಳೆಯ ದಿನ. ಈವರೆಗೆ ಹನ್ನೊಂದು ಸಾವಿರದ ಮುನ್ನೂರು ಚೂರುಗಳಿಗೆ ಅವರು ಚೀಟಿ ಬರೆದಿದ್ದಾರೆ. ಚೀಟಿಯಲ್ಲಿ ಆರು ಸಾಲುಗಳಿವೆ. ಸ್ಥಳ, ದಿನಾಂಕ, ಪದರ, ವಸ್ತು, ಹುಡುಕಿದವರು, ಕೊನೆಯದು ವಯಸ್ಸು. ಹನ್ನೊಂದು ಸಾವಿರದ ಮುನ್ನೂರು ಚೀಟಿಗಳಲ್ಲಿ ಒಂದರಲ್ಲೂ ಆರನೆಯ ಸಾಲು ನಿಸ್ತೋರರ ಕೈಬರಹದಲ್ಲಿಲ್ಲ. ವಸ್ತುಸಂಗ್ರಹಾಲಯದವರು ಆಮೇಲೆ ಬೇರೆ ಶಾಯಿಯಲ್ಲಿ 'ಏಳು ಕೋಟಿ ವರ್ಷ' ಎಂದು ತುಂಬಿಕೊಳ್ಳುತ್ತಾರೆ.

"ಕಂಡಿದ್ದನ್ನ ಬರೀತೀನಿ. ವಯಸ್ಸನ್ನ ನಾನು ಕಂಡಿಲ್ಲ," ಎನ್ನುತ್ತಾರೆ ಅವರು. ಈ ಒಂದು ಮಾತಿಗಾಗಿ ಅವರು ವಿಜ್ಞಾನ ನಂಬುವವರು, ಬೈಬಲ್ ನಂಬುವವರು, ಎರಡು ಕಡೆಯವರಿಂದಲೂ ಬೈಸಿಕೊಂಡಿದ್ದಾರೆ.

ನಿಸ್ತೋರ್ ಪಶ್ಚಾತ್ತಾಪಿ. ಹೊಳೆಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದು, ಹೆಂಡ ಬಿಟ್ಟು, ಬೈಬಲಿನ ಒಂದೊಂದು ಅಕ್ಷರವನ್ನೂ ನಂಬಿ ನಡೆಯುವ ಪೆಂತೆಕೊಸ್ತ ಸಭೆಯವರನ್ನು ಊರಿನ ಆರ್ಥೊಡಾಕ್ಸ್ ಕ್ರೈಸ್ತ ನೆರೆಯವರು ಕರೆಯುವ ಹೆಸರು ಅದು. ಮೊದಲು ಗೇಲಿಯ ಹೆಸರಾಗಿದ್ದದ್ದು ಈಗ ಬರೀ ಹೆಸರು. ಅವರಿಗೆ ದೀಕ್ಷಾಸ್ನಾನವಾದ ಮಡು, ಈಗ ಅವರು ಜರಡಿ ಅದ್ದುವ ಮಡುವಿನಿಂದ ಕೂಗಳತೆಯಲ್ಲಿದೆ.

ಈ ದಂಡೆಯ ಮೂಳೆಗಳ ಬಗ್ಗೆ ಊರಿನ ಹಳೆಯ ಹೆಂಗಸರು ಹೇಳುತ್ತಿದ್ದ ಕಥೆ ಬೇರೆ. ಮನುಷ್ಯರಿಗಿಂತ ಮೊದಲು ಇಲ್ಲಿ ದೈತ್ಯರಿದ್ದರು. ಅವರ ನಡಿಗೆಯ ಭಾರಕ್ಕೆ ಭೂಮಿ ಅತ್ತಿತು. ದೇವರು ಅವರನ್ನು ಮಲಗಿಸಿ ಮೇಲೆ ಕೆಂಪು ಕಂಬಳಿ ಹೊದಿಸಿದ. ನಿಸ್ತೋರರ ಅಜ್ಜಿ ಇದಕ್ಕೆ ಒಂದು ಬಾಲ ಸೇರಿಸುತ್ತಿದ್ದಳಂತೆ: ಹೊಳೆ ಏರಿದಾಗಲೆಲ್ಲ ದೈತ್ಯರು ಮಗ್ಗುಲು ಬದಲಿಸುತ್ತಾರೆ, ಆಗ ಕಂಬಳಿಯಿಂದ ಕಾಲು ಹೊರಗೆ ಬರುತ್ತದೆ.

ಆಮೇಲೆ ಆ ಮೂಳೆಗಳಿಗೆ ಇನ್ನೊಂದು ಕಥೆ ಅಂಟಿಕೊಂಡಿತು. ಇದನ್ನು ಹೇಳುವವರು ಪಾಂಫಿಲ್. ಎಪ್ಪತ್ತೇಳು ವರ್ಷದ, ಬಾವಿ ತೋಡುವವರು, ಸಭೆಯ ಹಿರಿಯರು, ನಿಸ್ತೋರರ ಬಾಲ್ಯದ ನೆರೆಯವರು. ಅದು ನಡೆದಾಗ ಪಾಂಫಿಲರಿಗೆ ಹದಿನಾಲ್ಕು, ನಿಸ್ತೋರರಿಗೆ ಒಂಬತ್ತು. ದೇವರಿಲ್ಲವೆಂಬುದು ಸರ್ಕಾರದ ಪಾಠವಾಗಿದ್ದ ಕಾಲ. ಪಟ್ಟಣದಿಂದ ಬಂದ ಉಪನ್ಯಾಸಕನೊಬ್ಬ ಊರ ಸಭಾಂಗಣದಲ್ಲಿ ಪಶ್ಚಾತ್ತಾಪಿಗಳನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿ, ದಂಡೆಯಿಂದ ತಂದ ತೊಡೆಮೂಳೆಯೊಂದನ್ನು ತಲೆಯ ಮೇಲೆತ್ತಿ ಹಿಡಿದ. ಜೀವಿಗಳು ಒಂದರಿಂದ ಒಂದು ಹುಟ್ಟಿದವು, ಮನುಷ್ಯನೂ ಹಾಗೆಯೇ ಬಂದವನು, ಈ ಮೂಳೆ ನಿಮ್ಮ ದೇವರಿಗಿಂತ ಹಳೆಯದು ಎಂದ. ಪಾಂಫಿಲರ ತಂದೆ ಎದ್ದು ನಿಂತು, "ಹಂಗಾದ್ರೆ ಆ ಮೂಳೆಗೇ ಪ್ರಾರ್ಥನೆ ಮಾಡು, ನಮ್ಮನ್ನ ಬಿಡು," ಎಂದರು. ಆ ವಾರವೇ ಪೊಲೀಸರು ಅವರನ್ನು ಕರೆದೊಯ್ದರು. ನಾಲ್ಕು ವರ್ಷದ ಮೇಲೆ ಸೆರೆಯಿಂದ ಮರಳಿದಾಗ ಎಡಪಕ್ಕೆಯ ಮೂರು ಎಲುಬು ವಕ್ರವಾಗಿ ಕೂಡಿದ್ದವು.

"ಪುಸ್ತಕ ಓದಿದವರು ನಮ್ಮನ್ನ ದಡ್ಡರು ಅಂತಾರೆ," ಎನ್ನುತ್ತಾರೆ ಪಾಂಫಿಲ್, ಬಾವಿಯ ಹಗ್ಗದಿಂದ ಗಟ್ಟಿಯಾದ ಅಂಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು. "ಅನ್ನಲಿ. ಅವರಿಗೆ ವಿಕಾಸ ಅಂದ್ರೆ ಪಾಠ. ನನಗೆ ವಿಕಾಸ ಅಂದ್ರೆ ನಮ್ಮಪ್ಪ ಉಸಿರು ಎಳೆಯೋವಾಗ ಬರ್ತಿದ್ದ ಶಬ್ದ."

ಅಂಥ ಸಭೆಯ ಹುಡುಗ ಮುಂದೆ ಮೂಳೆಯ ಕೆಲಸಕ್ಕೆ ಸೇರಿದ್ದು ನಂಬಿಕೆ ಸಡಿಲವಾಗಿ ಅಲ್ಲ. ಇಟ್ಟಿಗೆ ಕಾರ್ಖಾನೆಯಲ್ಲಿ ಭಾನುವಾರ ದುಡಿಯಲು ಒಪ್ಪದೆ ಕೆಲಸ ಕಳೆದುಕೊಂಡ ನಿಸ್ತೋರರಿಗೆ, ಭಾನುವಾರ ರಜೆ ಕೊಡುವ ಕೆಲಸ ಊರಿನಲ್ಲಿ ಇದ್ದದ್ದು ಭೂವಿಜ್ಞಾನಿಗಳ ಬಳಿ ಮಾತ್ರ. ಇವೆಲ್ಲ ನೋಹನ ಜಲಪ್ರಳಯದಲ್ಲಿ ಸತ್ತ ಪ್ರಾಣಿಗಳು ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಸಭೆಯೂ ಒಪ್ಪಿತು. ಪ್ರಳಯದ ಸಾಕ್ಷಿಯನ್ನು ನಾಸ್ತಿಕರ ಕೈಯಿಂದ ತೊಳೆಸುವುದಕ್ಕಿಂತ ನಮ್ಮವನೊಬ್ಬ ತೊಳೆದರೆ ಒಳ್ಳೆಯದಲ್ಲವೇ?

ಆ ನಂಬಿಕೆಯಿಂದಲೇ ಅವರು ತಮ್ಮ ಜೀವನದ ದೊಡ್ಡ ತಪ್ಪನ್ನೂ ಮಾಡಿದರು. ಕೆಲಸಕ್ಕೆ ಸೇರಿದ ಒಂಬತ್ತನೆಯ ವರ್ಷ, ಒಂದು ಮಳೆಯ ಮರುದಿನ, ದಂಡೆ ಕುಸಿದು ಹನ್ನೆರಡು ದುಂಡು ಕಲ್ಲುಗಳು ಕಂಡವು. ಮೊಟ್ಟೆಗಳು. ಅಖಂಡವಾಗಿದ್ದವು. ಮಧ್ಯಾಹ್ನ ವಿಶ್ವವಿದ್ಯಾಲಯದ ಪ್ರೊಫೆಸರ್ ಬರುವಷ್ಟರಲ್ಲಿ ನಿಸ್ತೋರ್ ಹನ್ನೆರಡನ್ನೂ ಬಿಡಿಸಿ, ತೊಳೆದು, ಫಿರೂತ್ಸರ ಬಿಳಿ ಮೇಜುಬಟ್ಟೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸಿ ಕಾಯುತ್ತಿದ್ದರು. ಪ್ರೊಫೆಸರ್ ಸೆವೆರಿನಾ ಮೇಜಿಗೆ ಒಂದು ಸುತ್ತು ಬಂದರು. ಮೊಟ್ಟೆಗಳು ಹೇಗೆ ಕೂತಿದ್ದವು, ಯಾವುದು ಯಾವುದಕ್ಕೆ ಒರಗಿತ್ತು ಎಂದು ಕೇಳಿದರು. ನಿಸ್ತೋರರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಪ್ರಳಯದ ನೀರು ಎಲ್ಲೆಲ್ಲಿಂದಲೋ ಬಾಚಿ ತಂದು ಗುಡ್ಡೆ ಹಾಕಿದ್ದು ಅಂದುಕೊಂಡಿದ್ದೆ. ಗುಡ್ಡೆಗೆ ಎಂಥ ಕ್ರಮ? ನಾನೇ ಸ್ವಲ್ಪ ಚೆಂದ ಮಾಡಿಕೊಟ್ಟೆ," ಎನ್ನುತ್ತಾರೆ. "ಅಮ್ಮಾವ್ರು ಬೈಲಿಲ್ಲ. 'ನಿಸ್ತೋರ್, ಒಬ್ಬ ತಾಯಿ ಅದನ್ನ ಜೋಡಿಸಿಟ್ಟು ಹೋಗಿದ್ಲು' ಅಂದ್ರು. ಅಷ್ಟೇ ಅಂದಿದ್ದು. ಬೈದಿದ್ರೆ ಮರೀತಿದ್ದೆ."

ಅಂದಿನಿಂದ ಅವರು ಚಿತ್ರ ಬರೆಯದೆ ಒಂದು ಹರಳನ್ನೂ ಎತ್ತಿಲ್ಲ. ಎಲ್ಲಿತ್ತು, ಯಾವ ಕಡೆ ವಾಲಿತ್ತು, ಕೆಳಗೇನಿತ್ತು, ಮೇಲೇನಿತ್ತು. ಮೂವತ್ತೆಂಟು ನೋಟುಪುಸ್ತಕಗಳು ತುಂಬಿವೆ. ಈ ಎಚ್ಚರವೇ ಮುಂದೆ ಅವರ ಕೊರಳಿಗೆ ಉರುಳಾಯಿತು. ಎರಡನೆಯ ಗೂಡು ಸಿಕ್ಕಿದ್ದು ಮೊದಲನೆಯದಕ್ಕಿಂತ ಎರಡು ಮೊಳ ಕೆಳಗೆ. ಮೂರನೆಯದು ಇನ್ನೂ ಕೆಳಗೆ. ಎರಡು ಗೂಡುಗಳ ನಡುವಿನ ಮಣ್ಣಿನಲ್ಲಿ ಬೂದು ಬಣ್ಣದ ಸಣ್ಣ ಕವಲುಗಳು, ಮೇಲಿನಿಂದ ಕೆಳಕ್ಕೆ ಸಪೂರವಾಗುತ್ತ ಇಳಿದಿದ್ದವು. ಹೊಲದಲ್ಲಿ ಹುಟ್ಟಿದವರಿಗೆ ಅದೇನೆಂದು ಹೇಳಿಕೊಡಬೇಕಿಲ್ಲ. ಗೂಡು, ಅದರ ಮೇಲೆ ಕೆಸರು, ಕೆಸರಿನಲ್ಲಿ ಬೇರಿಳಿಸಿದ ಗಿಡ, ಆ ಗಿಡದ ನೆಲದ ಮೇಲೆ ಮತ್ತೊಂದು ಗೂಡು. ಇಪ್ಪತ್ತೆಂಟು ವರ್ಷಗಳಲ್ಲಿ ಏಳು ಗೂಡುಗಳು, ಒಂದರ ಕೆಳಗೊಂದು.

ಏಳನೆಯದು ಸಿಕ್ಕ ವಾರ, ಭಾನುವಾರದ ಸಭೆಯಲ್ಲಿ ಸಾಕ್ಷಿ ಹೇಳುವ ಹೊತ್ತಿಗೆ ನಿಸ್ತೋರ್ ಎದ್ದು ನಿಂತರು. ವಾಸಿಯಾದ ಜ್ವರ, ಸಿಕ್ಕಿದ ಕೆಲಸ, ಮರಳಿ ಬಂದ ಮಗ, ಇಂಥವನ್ನು ಹೇಳಿ ದೇವರನ್ನು ಕೊಂಡಾಡುವ ಹೊತ್ತು ಅದು. ಅವರು ಹೇಳಿದ ಮಾತನ್ನು ಅಂದು ಕೇಳಿದವರೆಲ್ಲ ಹೆಚ್ಚು ಕಡಿಮೆ ಒಂದೇ ರೀತಿ ನೆನೆಯುತ್ತಾರೆ: "ಸಹೋದರರೇ, ನೋಹನ ನೀರು ನಿಂತಿದ್ದು ಒಂದು ವರ್ಷ. ಆ ಒಂದು ವರ್ಷದಲ್ಲಿ ಈ ತಾಯಂದಿರು ಏಳು ಸಲ ಎಲ್ಲಿ ಕೂತು ಮೊಟ್ಟೆ ಇಟ್ಟರು? ನಡುವೆ ಗಿಡ ಯಾವಾಗ ಬೆಳೀತು? ನನಗೆ ತಿಳೀತಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ತಿಳಿದಿದ್ರೆ ಹೇಳಿ, ನನ್ನ ಹೊರೆ ಇಳಿಯುತ್ತೆ." ಹೇಳಿದ ರೀತಿಯಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ. ಗಂಡಸರ ಸಾಲಿನವರು ಅವರು ಗೇಲಿ ಮಾಡಿದರೆನ್ನುತ್ತಾರೆ. ಹೆಂಗಸರ ಸಾಲಿನವರು ಅಳುತ್ತಿದ್ದರೆನ್ನುತ್ತಾರೆ. ಕೇಳಿದರೆ ನಿಸ್ತೋರ್ ಎರಡನ್ನೂ ತಳ್ಳಿಹಾಕುತ್ತಾರೆ. "ಅವತ್ತು ನೆಗಡಿ ಆಗಿತ್ತು."

ಸಭೆ ಅವರನ್ನು ಶಿಸ್ತಿನಲ್ಲಿಟ್ಟಿತು. ಅಂದರೆ ಬರಬಹುದು, ಕೂರಬಹುದು. ಮಾತಾಡುವಂತಿಲ್ಲ, ತಿಂಗಳ ಮೊದಲ ಭಾನುವಾರ ಕರ್ತನ ಭೋಜನದ ರೊಟ್ಟಿಯನ್ನೂ ದ್ರಾಕ್ಷಾರಸದ ಬಟ್ಟಲನ್ನೂ ಮುಟ್ಟುವಂತಿಲ್ಲ. ಅದಕ್ಕೆ ಮೊದಲು ಸಹೋದರರು ಒಬ್ಬರ ಕಾಲನ್ನೊಬ್ಬರು ತೊಳೆಯುತ್ತಾರಲ್ಲ, ಅದೂ ಇಲ್ಲ. ಒಂಬತ್ತು ವರ್ಷಗಳಿಂದ ನಿಸ್ತೋರ್ ಹಿಂದಿನ ಬೆಂಚಿನ ಬಾಗಿಲ ತುದಿಯಲ್ಲಿ ಕೂರುತ್ತಾರೆ. ಒಂದು ಭಾನುವಾರವನ್ನೂ ತಪ್ಪಿಸಿಲ್ಲ. ಬಟ್ಟಲು ಅವರ ಮುಂದಿನ ಬೆಂಚಿನವರೆಗೆ ಬಂದು ತಿರುಗಿ ಹೋಗುತ್ತದೆ.

ನೆರೆಮನೆಯ ಆರ್ಥೊಡಾಕ್ಸ್ ಮುದುಕ, ಈಸ್ಟರಿಗೆ ಮೊಟ್ಟೆಗಳಿಗೆ ಕೆಂಪು ಬಳಿಯುತ್ತ, ಬೇಲಿಯಾಚೆಯಿಂದ ಪ್ರತಿ ವರ್ಷ ಕೂಗುತ್ತಾನೆ: "ಏನಪ್ಪಾ ಪಶ್ಚಾತ್ತಾಪಿ, ನಿನ್ನ ಮೊಟ್ಟೆಗಳೂ ಕೆಂಪು, ನನ್ನವೂ ಕೆಂಪು. ನಮ್ಮ ಕಡೆ ಬಂದ್ಬಿಡು, ನಮ್ಮ ಪಾದ್ರಿ ಏನೂ ಕೇಳಲ್ಲ!" ನಿಸ್ತೋರ್ ನಗುತ್ತಾರೆ. "ಏನೂ ಕೇಳಲ್ಲ ಅನ್ನೋದೇ ತೊಂದರೆ ಕಣಯ್ಯ."

ಮಗಳು ತಬಿತ ಅವರದು ಇನ್ನೊಂದು ದಾರಿ. ಹತ್ತೊಂಬತ್ತಕ್ಕೆ ಸಭೆ ಬಿಟ್ಟವರು ಈಗ ದೇವಾ ಪಟ್ಟಣದ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಾರೆ. ಬಿಟ್ಟದ್ದು ಸುಲಭವಾಗಿರಲಿಲ್ಲ, ಎರಡು ವರ್ಷ ಊಟಕ್ಕೆ ಮೊದಲು ತಲೆ ತಾನಾಗಿಯೇ ಬಾಗುತ್ತಿತ್ತು, ಯಾರಿಗೆಂದು ತಿಳಿಯುತ್ತಿರಲಿಲ್ಲ ಎನ್ನುತ್ತಾರೆ. ತಂದೆಯ ಮೇಲೆ ಅವರಿಗಿರುವ ಸಿಟ್ಟು ಪ್ರೀತಿಯಷ್ಟೇ ದೊಡ್ಡದು. "ಏಳು ಗೂಡು ಎಣಿಸಿದ ಮನುಷ್ಯ ಎಂಟನೇ ಹೆಜ್ಜೆ ಯಾಕಪ್ಪಾ ಇಡಲ್ಲ? ಆ ಖಾಲಿ ಸಾಲಿನಲ್ಲಿ ಒಂದು ಸಂಖ್ಯೆ ಬರೆಯೋಕೆ ಇಷ್ಟು ಹೆದರಿಕೆನಾ?"

ಅಪ್ಪ ಮಗಳ ನಡುವಿನ ಒಂದು ಸಂಭಾಷಣೆಯನ್ನು ಫಿರೂತ್ಸ, ಮುದ್ದೆಯ ಕಡಾಯಿ ತಿರುವುತ್ತ, ಇಬ್ಬರ ದನಿಯನ್ನೂ ಅನುಕರಿಸಿ ಹೇಳುತ್ತಾರೆ. ಈ ಕಣಿವೆಯ ಕಲ್ಲಾದ ಪ್ರಾಣಿಗಳು ತಮ್ಮ ಜಾತಿಯ ಬೇರೆಡೆಯವುಗಳಿಗಿಂತ ಚಿಕ್ಕವು. ಆಗ ಇದು ಸಮುದ್ರದ ನಡುವಿನ ದ್ವೀಪ, ಮೇವು ಕಡಿಮೆ. ತಲೆಮಾರು ತಲೆಮಾರಿಗೆ ಅವು ಕುಗ್ಗಿದವೆಂದು ಪ್ರೊಫೆಸರ್ ವಿವರಿಸಿದ್ದರು. ಬೈಬಲಿನ ಆದಿಕಾಂಡದಲ್ಲಿ ದೇವರು ಪ್ರತಿಯೊಂದನ್ನೂ ಅದರದರ ಜಾತಿಗನುಸಾರ ಉಂಟುಮಾಡಿದನೆಂದಿದೆ, ಜಾತಿಯೇ ಬದಲಾಗುವುದಾದರೆ? ವರ್ಷಗಟ್ಟಲೆ ಇದನ್ನು ತಲೆಯಲ್ಲಿ ತಿರುಗಿಸಿದ ನಿಸ್ತೋರ್ ಒಂದು ಸಂಜೆ ಮಗಳಿಗೆ, "ಮೇವು ಸಣ್ಣದಾದ ಕಡೆ ದೇವರು ಹೊಟ್ಟೆನೂ ಸಣ್ಣ ಮಾಡಿದ. ಇದು ಕರುಣೆ ಅಲ್ವೇನೇ?" ಎಂದರು.

"ಅಪ್ಪಾ, ಯಾರೂ ಹೊಟ್ಟೆ ಸಣ್ಣ ಮಾಡ್ಲಿಲ್ಲ. ದೊಡ್ಡ ಹೊಟ್ಟೆಯವು ಹಸಿದು ಸತ್ತವು. ಸಣ್ಣವು ಉಳಿದವು. ಲಕ್ಷಾಂತರ ವರ್ಷ ಬರೀ ಹಸಿವು. ಇದರಲ್ಲಿ ಕರುಣೆ ಎಲ್ಲಿ ಸಿಕ್ತು ನಿಮಗೆ?"

ನಿಸ್ತೋರ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರಂತೆ. ಆಮೇಲೆ, "ಗೊತ್ತಿಲ್ಲ ಮಗಳೇ. ಸತ್ತವು ಅಂತ ಗೊತ್ತು. ನನ್ನ ಕೈಗೆ ಬಂದ ಒಂದೊಂದನ್ನೂ ತೊಳೆದಿದೀನಿ," ಎಂದು ಎದ್ದುಹೋದರು. ತಬಿತ ಅಂದು ಮುದ್ದೆ ಮುಟ್ಟಲಿಲ್ಲ.

ಈ ವಸಂತದಲ್ಲಿ ಫಿರೂತ್ಸರಿಗೆ ಸೊಂಟದ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಯಿತು. ಅದಕ್ಕೆ ಮೊದಲು ಒಂದೇ ಒಂದು ಸಲ ಗಂಡನೊಡನೆ ಕರ್ತನ ಭೋಜನದಲ್ಲಿ ಪಾಲುಗೊಳ್ಳಬೇಕೆಂಬುದು ಅವರ ಆಸೆ. ಪಾಂಫಿಲರ ಬಳಿಗೆ ತಾವೇ ಕುಂಟುತ್ತ ಹೋಗಿ ಕೇಳಿದರು. ಹಿರಿಯರು ಯೋಚಿಸಿ ದಾರಿ ತೋರಿದರು: ನಿಸ್ತೋರ್ ಸಭೆಯ ಮುಂದೆ 'ಮೂಳೆಗಳ ವಿಷಯದಲ್ಲಿ ನಾನು ತಪ್ಪಿದೆ' ಎಂದರೆ ಸಾಕು, ವಿವರಣೆ ಬೇಡ.

"ಒಂದೇ ಮಾತು. ಕೆಮ್ಮಿದಷ್ಟು ಹೊತ್ತು. ಹೇಳಿಬಿಡಿ," ಎಂದರು ಫಿರೂತ್ಸ.

"ಕೆಮ್ಮಬೇಕಾದ್ರೆ ಗಂಟಲಲ್ಲಿ ಏನಾದ್ರೂ ಇರಬೇಕಲ್ಲೇ."

"ನಲವತ್ತಾರು ವರ್ಷ ನಿಮ್ಮ ಕೆಂಪು ಮಣ್ಣಿನ ಪ್ಯಾಂಟು ಒಗೆದಿದೀನಿ. ಒಂದು ಮಾತು ಕೇಳೋ ಹಕ್ಕಿಲ್ವಾ ನನಗೆ?"

ಆ ವಾರ ನಿಸ್ತೋರರ ನೋಟುಪುಸ್ತಕದಲ್ಲಿ ಮೂರು ದಿನಗಳ ಪುಟ ಬರಿದಾಗಿದೆ. ನಲವತ್ತಾರು ವರ್ಷಗಳಲ್ಲಿ ಹಾಗಾದದ್ದು ಇನ್ನೊಮ್ಮೆ ಮಾತ್ರ, ತಾಯಿ ತೀರಿಕೊಂಡಾಗ.

ಭೋಜನದ ಭಾನುವಾರಕ್ಕೆ ಮೂರು ದಿನವಿರುವಾಗ, ಬೆಳಗಿನ ಆರಕ್ಕೆ, ಪಾಂಫಿಲ್ ಕೋಲೂರುತ್ತ ದಂಡೆಗೆ ಇಳಿದು ಬಂದರು. ತಂದೆಯ ಘಟನೆಯ ನಂತರ ಅವರು ಅಲ್ಲಿ ಕಾಲಿಟ್ಟದ್ದು ಅದೇ ಮೊದಲು. "ಪ್ರಭುವಿನ ಶಾಂತಿ," ಎಂದರು. "ಶಾಂತಿ," ಎಂದು ನಿಸ್ತೋರ್ ತಮ್ಮ ಗೋಣಿಯನ್ನು ಅವರಿಗೆ ಹಾಸಿಕೊಟ್ಟರು. ಆಮೇಲೆ ನಡೆದದ್ದನ್ನು ಇಬ್ಬರೂ ಬೇರೆಬೇರೆಯಾಗಿ ಹೇಳಿದ್ದಾರೆ, ಎರಡೂ ಒಂದಕ್ಕೊಂದು ತಾಳೆಯಾಗುತ್ತವೆ.

ನಿಸ್ತೋರ್ ವಾದಿಸಲಿಲ್ಲ. ಕುಂಚದಿಂದ ಧೂಳು ಸರಿಸಿ, ಮೇಲಿನಿಂದ ಕೆಳಗೆ ಒಂದೊಂದು ಗೂಡಿನ ಗುರುತನ್ನೂ ತೋರಿಸುತ್ತ ಹೋದರು. ಪಾಂಫಿಲ್ ಮೊಟ್ಟೆಗಳನ್ನು ನೋಡಲಿಲ್ಲ. ನಡುವಿನ ಮಣ್ಣಿಗೆ ಬೆರಳಿಟ್ಟು, ಬೂದು ಕವಲೊಂದನ್ನು ಅದು ಮುಗಿಯುವವರೆಗೂ ಸವರಿದರು. ಮೂರನೆಯ ಪದರಕ್ಕೆ ಬಂದಾಗ ಕೈ ನಿಂತಿತು.

"ಬಾವಿಯಲ್ಲಿ ನಾನೂ ನೋಡಿದೀನಿ ನಿಸ್ತೋರ್."

"ಏನನ್ನ?"

"ಬೇರನ್ನ. ಹನ್ನೊಂದು ಮೀಟರ್ ಕೆಳಗೆ. ಅದರ ಕೆಳಗೆ ಮತ್ತೆ. ಅರವತ್ತೊಂದು ಬಾವಿ ತೋಡಿದೀನಿ, ಎಲ್ಲದರಲ್ಲೂ ಇತ್ತು." ಬೆರಳಿನ ಮಣ್ಣು ಒರೆಸಿಕೊಂಡು ಸೇರಿಸಿದರು: "ಎಲ್ಲದಕ್ಕೂ ಕಲ್ಲು ಕಟ್ಟಿ ಮುಚ್ಚಿದೆ. ಬಾವಿಗೆ ಕಲ್ಲು ಕಟ್ಟಲೇಬೇಕು. ಯಾರೂ ಯಾಕೆ ಅಂತ ಕೇಳಲ್ಲ."

ಎದ್ದು ಹೊರಡುವಾಗ ಪಾಂಫಿಲ್ ಕೇಳಿದರು, "ಭಾನುವಾರ ಏನ್ ಹೇಳ್ತೀಯ?" "ತಿಳಿದಿಲ್ಲ," ಎಂದರು ನಿಸ್ತೋರ್. "ನನಗೂ," ಎಂದರು ಹಿರಿಯರು.

ಭಾನುವಾರ ಪ್ರಾರ್ಥನಾ ಮನೆ ತುಂಬಿತ್ತು. ಇಪ್ಪತ್ತೇಳು ವರ್ಷಗಳ ಮೇಲೆ ತಬಿತ ಕೂಡ ಬಂದಿದ್ದರು. ತಲೆಗೆ ಬಟ್ಟೆ ಹಾಕಿಕೊಳ್ಳದೆ, ತಾಯಿಯನ್ನು ನಡೆಸಿಕೊಂಡು ಬಂದ ನೆಪದಲ್ಲಿ, ಹೆಂಗಸರ ಸಾಲಿನ ಕೊನೆಯಲ್ಲಿ. ಪಾಂಫಿಲ್ ಹೆಸರು ಕರೆದಾಗ ನಿಸ್ತೋರ್ ಎದ್ದರು. ಟೋಪಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು. "ಸಹೋದರರೇ, ಆವತ್ತು ನನ್ನ ಮಾತಿಂದ ಯಾರಿಗಾದ್ರೂ ನೋವಾಗಿದ್ರೆ ಕ್ಷಮಿಸಿ. ಅದನ್ನ ಮನಸ್ಸಾರೆ ಕೇಳ್ತೀನಿ. ದೇವರು ಮಾಡಿದ ಅಂತ ನಂಬ್ತೀನಿ. ಆದ್ರೆ ಕಂಡಿದ್ದನ್ನ ಕಂಡಿಲ್ಲ ಅಂತ ಅವನ ಮುಂದೆಯೇ ನಿಂತು ಹೇಳಲಾರೆ." ಕೂತರು.

ಬೇರೆ ಇಬ್ಬರು ಹಿರಿಯರು ಆಗದೆಂದು ತಲೆಯಾಡಿಸಿದರು. ಶಿಸ್ತು ತೆಗೆಯಲಿಲ್ಲ.

ಕಾಲು ತೊಳೆಯುವ ಹೊತ್ತು ಬಂತು. ಗಂಡಸರು ಜೋಡಿ ಜೋಡಿಯಾಗಿ ಬೂಟು ಬಿಚ್ಚಿದರು. ಪಾಂಫಿಲ್ ತಮ್ಮ ಜೋಡಿಯನ್ನು ಬಿಟ್ಟು, ಬೋಗುಣಿ ಎತ್ತಿಕೊಂಡು, ನೀರು ತುಳುಕಿಸುತ್ತ, ಎಲ್ಲ ಬೆಂಚುಗಳನ್ನು ದಾಟಿ ಬಾಗಿಲ ತುದಿಗೆ ಬಂದರು. ಅಲ್ಲಿಗೆ ಬೋಗುಣಿ ಬರುವಂತಿಲ್ಲ ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಅವರೇ. ಮೊಣಕಾಲು ಮಡಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು. ನಿಸ್ತೋರರ ಬೂಟನ್ನು ತಾವೇ ಬಿಚ್ಚಿದರು. ಎಷ್ಟು ಉಜ್ಜಿದರೂ ಹೋಗದ ದಂಡೆಯ ಮಣ್ಣು ಉಗುರಿನ ಸಂದಿಯಲ್ಲಿತ್ತು, ನೀರು ಕೆಂಪಾಯಿತು. ಪಾಂಫಿಲ್ ಒಂದೊಂದು ಬೆರಳನ್ನೂ ಬಿಡಿಸಿ ತೊಳೆದರು, ಸೊಂಟದ ಟವೆಲಿನಿಂದ ಒರೆಸಿದರು. ಆಮೇಲೆ ರೊಟ್ಟಿ ಬಂತು, ಬಟ್ಟಲು ಬಂತು; ಎರಡೂ ಎಂದಿನಂತೆ ಮುಂದಿನ ಬೆಂಚಿನಿಂದ ತಿರುಗಿ ಹೋದವು.

ಫಿರೂತ್ಸ ತಗೊಂಡರೇ ಎಂದು ಕೇಳಿದರೆ, ಆಸ್ಪತ್ರೆಯಿಂದ ಮರಳಿ ಈಗ ಊರುಗೋಲು ಹಿಡಿದು ನಡೆಯುವ ಅವರು ಗದ್ದ ಎತ್ತುತ್ತಾರೆ. "ತಗೊಳ್ದೆ? ಎರಡು ಗುಟುಕು ಕುಡಿದೆ. ಒಂದು ಅವರದ್ದು. ಪಾಂಫಿಲ್ ನೋಡಿದ್ರು, ನೋಡದ ಹಾಗೆ ಮಾಡಿದ್ರು." ತಬಿತ ಆ ದಿನದ ಬಗ್ಗೆ ಹೇಳುವುದು ಕಡಿಮೆ. "ನಾನು ನಂಬಲ್ಲ. ಈಗಲೂ ನಂಬಲ್ಲ. ಆದ್ರೆ ಅಪ್ಪನಿಗೆ ಯಾಕೆ ಹೆಜ್ಜೆ ಇಡಲ್ಲ ಅಂತ ಕೇಳೋದನ್ನ ಬಿಟ್ಟೆ. ಅವರು ನಿಂತ ಜಾಗದಲ್ಲಿ ನಿಲ್ಲೋಕೆ ನನಗೆ ಕಾಲಿಲ್ಲ."

ಒಂಬತ್ತು ಗಂಟೆ. ದಂಡೆಯ ಮೇಲೆ ನೆರಳು ಕರಗುತ್ತಿದೆ. ನಿಸ್ತೋರ್ ಕೊಡೆಕಡ್ಡಿಯ ಸೂಜಿಯನ್ನು ಟೋಪಿಗೆ ಸಿಕ್ಕಿಸಿಕೊಂಡು, ಇಂದಿನ ಒಂದೇ ಚೂರಿಗೆ ಚೀಟಿ ಬರೆಯುತ್ತಾರೆ. ಐದು ಸಾಲು. ಆರನೆಯದು ಖಾಲಿ. ಇನ್ನೇನಾದರೂ ಆಸೆಯಿದೆಯೇ ಎಂದು ಕೇಳಿದರೆ ದಂಡೆಯ ಬುಡದತ್ತ ಗದ್ದ ತೋರಿಸುತ್ತಾರೆ.

"ಏಳನೇದರ ಕೆಳಗೆ ಇನ್ನೊಂದು ಇದೆಯಾ ಅಂತ ನೋಡ್ಬೇಕು. ಹೊಳೆ ಇಳಿಯಲಿ." ಜರಡಿಯನ್ನು ಕೊಡವಿ, ಬೂಟು ಕಳಚಿ, ತಣ್ಣನೆಯ ನೀರಿಗೆ ಪಾದ ಇಳಿಬಿಡುತ್ತಾರೆ. "ಬಟ್ಟಲು ಬಂದಾಗ ಬರಲಿ. ಕಾಲಂತೂ ತೊಳೆದಾಗಿದೆ."